ಕಳೆ ಕತ್ತರಿಸುವ ಯಂತ್ರದ ಚಾಲನೆ

ಕಳೆ ಕತ್ತರಿಸುವ ಯಂತ್ರವು ಅತಿ ವೇಗವಾಗಿ ಸುತ್ತುವ ನೈಲಾನ್ ದಾರದಿಂದ ಅಥವಾ ಲೋಹದ ಅಲಗಿನಿಂದ ಹುಲ್ಲು, ಕಳೆ ಹಾಗೂ ಎಳೆಯ ಪೊದೆಗಳನ್ನು ಕತ್ತರಿಸುವ, ಕೈಯಲ್ಲಿ ಹಿಡಿದು ಬಳಸುವ ಸಾಧನವಾಗಿದೆ. ಇದು ಪೆಟ್ರೋಲ್ ಎಂಜಿನ್, ತಂತಿಯ ಮೂಲಕ ದೊರೆಯುವ ವಿದ್ಯುತ್ ಅಥವಾ ಬ್ಯಾಟರಿಯಿಂದ ನಡೆಯುತ್ತದೆ. ಉತ್ತರ ಕರ್ನಾಟಕದ ದ್ರಾಕ್ಷಿ, ದಾಳಿಂಬೆ ಮತ್ತು ನಿಂಬೆ ತೋಟಗಳಲ್ಲಿ, ಮಲೆನಾಡು ಹಾಗೂ ಕರಾವಳಿಯ ಅಡಿಕೆ, ಕಾಫಿ ತೋಟಗಳಲ್ಲಿ, ನಗರಗಳ ಉದ್ಯಾನಗಳಲ್ಲಿ ಮತ್ತು ರಸ್ತೆ ಬದಿಯ ಸ್ವಚ್ಛತೆಯಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ಯಂತ್ರದ ಆಯುಷ್ಯ ಮತ್ತು ಬಳಸುವವರ ಸುರಕ್ಷತೆ ಎರಡೂ ಬಹುಮಟ್ಟಿಗೆ ಅದನ್ನು ಚಾಲನೆಗೊಳಿಸುವ ಕ್ರಮವನ್ನು ಅವಲಂಬಿಸಿವೆ. ಈ ಲೇಖನವು ಮುಖ್ಯವಾಗಿ ಆ ಕ್ರಮವನ್ನು ವಿವರಿಸುತ್ತದೆ.

## ಹೆಸರುಗಳು

ಕನ್ನಡದಲ್ಲಿ ಈ ಯಂತ್ರಕ್ಕೆ ಒಂದೇ ಹೆಸರು ನೆಲೆಗೊಂಡಿಲ್ಲ. ಕಳೆ ಕೊಚ್ಚುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ, ವೀಡ್ ಕಟರ್, ಬ್ರಷ್ ಕಟರ್ ಎಂಬ ಹೆಸರುಗಳು ಬಳಕೆಯಲ್ಲಿವೆ. ದಾರವನ್ನು ಮಾತ್ರ ಬಳಸುವ ಹಗುರ ಯಂತ್ರವನ್ನು ಸ್ಟ್ರಿಂಗ್ ಟ್ರಿಮ್ಮರ್ ಎಂದೂ, ಲೋಹದ ಅಲಗನ್ನೂ ಜೋಡಿಸಬಹುದಾದ ಹೆಚ್ಚು ಶಕ್ತಿಯ ಯಂತ್ರವನ್ನು ಬ್ರಷ್ ಕಟರ್ ಎಂದೂ ಪ್ರತ್ಯೇಕಿಸುವುದುಂಟು. ಕೃಷಿಕರ ನಡುವೆ ಬ್ರಷ್ ಕಟರ್ ಎಂಬ ಹೆಸರೇ ಎರಡಕ್ಕೂ ಸಲ್ಲುತ್ತದೆ.

## ಇತಿಹಾಸ

ದಾರದಿಂದ ಹುಲ್ಲು ಕತ್ತರಿಸುವ ಯಂತ್ರವನ್ನು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಉದ್ಯಮಿ ಜಾರ್ಜ್ ಬಲ್ಲಾಸ್ 1971ರಲ್ಲಿ ರೂಪಿಸಿದರು. ಕಾರು ತೊಳೆಯುವ ಯಂತ್ರದಲ್ಲಿ ಸುತ್ತುವ ನೈಲಾನ್ ಕುಂಚಗಳು ಕಾರಿನ ಬಣ್ಣಕ್ಕೆ ಹಾನಿ ಮಾಡದೆ ಕೊಳೆ ತೆಗೆಯುವುದನ್ನು ಕಂಡು, ಮರದ ಬುಡದ ಹುಲ್ಲನ್ನು ಇದೇ ರೀತಿ ಕತ್ತರಿಸಬಹುದೆಂದು ಅವರು ಊಹಿಸಿದರು. ರಂಧ್ರ ಕೊರೆದ ತಗಡಿನ ಡಬ್ಬಕ್ಕೆ ಮೀನು ಹಿಡಿಯುವ ನೈಲಾನ್ ದಾರವನ್ನು ಪೋಣಿಸಿ, ಹುಲ್ಲುಹಾಸಿನ ಅಂಚು ಕತ್ತರಿಸುವ ಯಂತ್ರಕ್ಕೆ ಅದನ್ನು ಜೋಡಿಸಿ ಮೊದಲ ಮಾದರಿಯನ್ನು ಸಿದ್ಧಪಡಿಸಿದರು. ಇದು ವೀಡ್ ಈಟರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. 1977ರಲ್ಲಿ ಅವರು ತಮ್ಮ ಸಂಸ್ಥೆಯನ್ನು ಎಮರ್ಸನ್ ಎಲೆಕ್ಟ್ರಿಕ್ ಕಂಪನಿಗೆ ಮಾರಿದರು. ಬಲ್ಲಾಸ್ 2011ರಲ್ಲಿ ನಿಧನರಾದರು.

## ವಿಜಯಪುರ ಭಾಗದಲ್ಲಿ ಬಳಕೆ

ವಿಜಯಪುರ ನಗರದಿಂದ ತೊರವಿ, ತಿಕೋಟಾ ಮಾರ್ಗವಾಗಿ ಪಶ್ಚಿಮಕ್ಕೆ ಸಾಗುವ ಅಥಣಿ ರಸ್ತೆಯ ಎರಡೂ ಬದಿ, ಹಾಗೂ ಅದರ ದಕ್ಷಿಣಕ್ಕಿರುವ ಬಬಲೇಶ್ವರ ತಾಲ್ಲೂಕಿನಲ್ಲಿ ದ್ರಾಕ್ಷಿ ಪ್ರಮುಖ ತೋಟಗಾರಿಕೆ ಬೆಳೆ. ಒಣದ್ರಾಕ್ಷಿ ತಯಾರಿಕೆಯೂ ಇಲ್ಲಿ ನಡೆಯುತ್ತದೆ. ಮಳೆ ಕಡಿಮೆ ಇರುವ ಈ ಪ್ರದೇಶದಲ್ಲಿ ಹನಿ ನೀರಾವರಿಯಿಂದ ಬಳ್ಳಿಗಳ ಬುಡ ವರ್ಷವಿಡೀ ತೇವವಾಗಿರುವುದರಿಂದ ಜೇಕು, ಕರಿಕೆ ಮೊದಲಾದ ಕಳೆಗಳು ಸಾಲಿನುದ್ದಕ್ಕೂ ಬೆಳೆಯುತ್ತವೆ. ಮಳೆಗಾಲದಲ್ಲಿ ಬದುಗಳ ಮೇಲೆ, ಕಾಲುವೆಗಳ ದಂಡೆಯಲ್ಲಿ ಮತ್ತು ಖಾಲಿ ನಿವೇಶನಗಳಲ್ಲಿ ಪಾರ್ಥೇನಿಯಂ ದಟ್ಟವಾಗಿ ಹರಡುತ್ತದೆ. ಜನರ ಮಾತಿನಲ್ಲಿ ಇದು ಕಾಂಗ್ರೆಸ್ ಹುಲ್ಲು.

ದ್ರಾಕ್ಷಿಗೆ ವರ್ಷದಲ್ಲಿ ಎರಡು ಬಾರಿ, ಅಂದರೆ ಏಪ್ರಿಲ್ ಸುಮಾರಿಗೆ ಮತ್ತು ಅಕ್ಟೋಬರ್ ಸುಮಾರಿಗೆ, ಚಾಟ್ನಿ ಮಾಡುವ ರೂಢಿಯಿದೆ. ಈ ಎರಡೂ ಕಾಲದಲ್ಲಿ ಕೂಲಿಯಾಳುಗಳು ಚಾಟ್ನಿ ಕೆಲಸದಲ್ಲಿ ತೊಡಗುವುದರಿಂದ ಕುರ್ಪಿ, ಕುಡಗೋಲುಗಳಿಂದ ಕಸ ತೆಗೆಯುವವರ ಕೊರತೆ ಉಂಟಾಗುತ್ತದೆ. ಈ ಕೊರತೆಯೇ ಯಂತ್ರದ ಬಳಕೆಗೆ ಮುಖ್ಯ ಕಾರಣಗಳಲ್ಲಿ ಒಂದು. ಕೃಷಿ ಯಾಂತ್ರೀಕರಣ ಯೋಜನೆಗಳಡಿ ಸಣ್ಣ ಯಂತ್ರಗಳಿಗೆ ಸಹಾಯಧನ ಪಡೆಯಲು ರೈತ ಸಂಪರ್ಕ ಕೇಂದ್ರಗಳಲ್ಲಿ ವಿಚಾರಿಸಬಹುದು. ಯಂತ್ರಗಳನ್ನು ಬಾಡಿಗೆಗೆ ನೀಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ರಾಜ್ಯದಲ್ಲಿವೆ. ಬಾಡಿಗೆ ಯಂತ್ರವು ಪ್ರತಿಬಾರಿ ಬೇರೆ ಬೇರೆ ಕೈಗಳಲ್ಲಿ ನಡೆಯುವುದರಿಂದ ಚಾಲನೆಯ ಸರಿಯಾದ ಕ್ರಮವನ್ನು ತಿಳಿದಿರುವುದು ಇನ್ನಷ್ಟು ಅಗತ್ಯವಾಗುತ್ತದೆ.

## ರಚನೆ ಮತ್ತು ಕಾರ್ಯತತ್ತ್ವ

ಪೆಟ್ರೋಲ್ ಯಂತ್ರದಲ್ಲಿ ಸಾಮಾನ್ಯವಾಗಿ 25ರಿಂದ 52 ಸಿ.ಸಿ. ಸಾಮರ್ಥ್ಯದ ಒಂಟಿ ಸಿಲಿಂಡರ್‌ನ, ಗಾಳಿಯಿಂದ ತಂಪಾಗುವ ಎಂಜಿನ್ ಇರುತ್ತದೆ. ಉದ್ದನೆಯ ಕೊಳವೆಯೊಳಗಿನ ದಂಡವು ಎಂಜಿನ್‌ನ ಶಕ್ತಿಯನ್ನು ಕೆಳತುದಿಯ ಕತ್ತರಿಸುವ ತಲೆಗೆ ಒಯ್ಯುತ್ತದೆ. ಚಾಲನೆಯ ಕ್ರಮವನ್ನು ಅರಿಯಲು ಈ ಕೆಳಗಿನ ಭಾಗಗಳ ಪರಿಚಯ ಅವಶ್ಯ.

- ಎಳೆಹಗ್ಗ: ಸುರುಳಿ ಸ್ಪ್ರಿಂಗ್ ಹೊಂದಿದ ಗಾಲಿಗೆ ಸುತ್ತಿದ ಹಗ್ಗ. ಎಳೆದಾಗ ಎಂಜಿನ್ ತಿರುಗುತ್ತದೆ, ಬಿಟ್ಟಾಗ ಸ್ಪ್ರಿಂಗ್ ಹಗ್ಗವನ್ನು ಮರಳಿ ಸುತ್ತಿಕೊಳ್ಳುತ್ತದೆ.
- ಮ್ಯಾಗ್ನೆಟೊ: ಗತಿಚಕ್ರದಲ್ಲಿ ಕೂಡಿಸಿದ ಅಯಸ್ಕಾಂತವು ಸುರುಳಿಯ ಮುಂದೆ ಹಾದುಹೋದಾಗ ವಿದ್ಯುತ್ ಉತ್ಪತ್ತಿಯಾಗಿ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಇದಕ್ಕೆ ಬ್ಯಾಟರಿ ಬೇಕಿಲ್ಲ. ಹಗ್ಗವನ್ನು ನಿಧಾನವಾಗಿ ಎಳೆದರೆ ಸಾಕಷ್ಟು ಕಿಡಿ ಹುಟ್ಟುವುದಿಲ್ಲ. ಚುರುಕಾಗಿ ಎಳೆಯಬೇಕೆಂಬ ಸೂಚನೆಗೆ ಇದೇ ಕಾರಣ.
- ಕಾರ್ಬ್ಯುರೇಟರ್: ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಭಾಗ. ಬಹುತೇಕ ಯಂತ್ರಗಳಲ್ಲಿ ರಬ್ಬರಿನಂಥ ತೆಳುಪೊರೆಯ ಕಾರ್ಬ್ಯುರೇಟರ್ ಇರುವುದರಿಂದ ಯಂತ್ರವನ್ನು ಓರೆಯಾಗಿ ಹಿಡಿದರೂ ಎಂಜಿನ್ ನಿಲ್ಲುವುದಿಲ್ಲ.
- ಪ್ರೈಮರ್: ಒತ್ತಿದಾಗ ಕೊಳವೆಯಲ್ಲಿನ ಗಾಳಿಯನ್ನು ಹೊರಹಾಕಿ ಟ್ಯಾಂಕಿನಿಂದ ಪೆಟ್ರೋಲನ್ನು ಕಾರ್ಬ್ಯುರೇಟರ್‌ಗೆ ತರುವ ಪಾರದರ್ಶಕ ಬುರುಡೆ.
- ಚೋಕ್: ಒಳಬರುವ ಗಾಳಿಯನ್ನು ತಡೆದು ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣವನ್ನು ಹೆಚ್ಚಿಸುವ ಮುಚ್ಚಳ. ತಣ್ಣನೆಯ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ ಇದರ ಅಗತ್ಯ ಬೀಳುತ್ತದೆ.
- ಕೇಂದ್ರಾಪಗಾಮಿ ಕ್ಲಚ್: ಎಂಜಿನ್ ವೇಗ ಏರಿದಾಗ ಮಾತ್ರ ಕತ್ತರಿಸುವ ತಲೆಯನ್ನು ಜೋಡಿಸುವ ಭಾಗ. ಮಂದಗತಿಯಲ್ಲಿ ಎಂಜಿನ್ ನಡೆಯುತ್ತಿರುವಾಗ ತಲೆ ಸುತ್ತಬಾರದು.
- ನಿಲುಗಡೆ ಸ್ವಿಚ್: ಕಿಡಿಯ ವಿದ್ಯುತ್ತನ್ನು ಎಂಜಿನ್‌ನ ಲೋಹದ ಮೈಗೆ ಹರಿಯಬಿಟ್ಟು ಎಂಜಿನ್ ನಿಲ್ಲಿಸುವ ಸ್ವಿಚ್.

ದಾರದ ದಪ್ಪ ಸಾಮಾನ್ಯವಾಗಿ 1.6ರಿಂದ 3 ಮಿ.ಮೀ. ಇರುತ್ತದೆ. ನಿಂತಾಗ ಮೆತ್ತಗಿರುವ ದಾರವು ಸುತ್ತುವಾಗ ಕೇಂದ್ರಾಪಗಾಮಿ ಬಲದಿಂದ ಬಿಗಿದು ಸೆಟೆದು ನಿಲ್ಲುತ್ತದೆ ಮತ್ತು ಅದರ ತುದಿಯೇ ಹುಲ್ಲನ್ನು ಕತ್ತರಿಸುತ್ತದೆ.

## ಇಂಧನ

ಚಾಲನೆಗೆ ಮುನ್ನ ಎಂಜಿನ್ 2 ಸ್ಟ್ರೋಕ್‌ನದೋ 4 ಸ್ಟ್ರೋಕ್‌ನದೋ ಎಂದು ಖಚಿತಪಡಿಸಿಕೊಳ್ಳಬೇಕು. 2 ಸ್ಟ್ರೋಕ್ ಎಂಜಿನ್‌ಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಎಣ್ಣೆಯೇ ಒಳಭಾಗಗಳನ್ನು ಸವೆಯದಂತೆ ಕಾಯುತ್ತದೆ. ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಸ್ವಲ್ಪ ಹೊತ್ತಿನಲ್ಲಿಯೇ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಕೆಡಬಹುದು.

ಮಿಶ್ರಣದ ಪ್ರಮಾಣವನ್ನು ತಯಾರಕರ ಕೈಪಿಡಿ ಸೂಚಿಸುತ್ತದೆ. ಸಾಮಾನ್ಯವಾಗಿ ಕಾಣುವ ಎರಡು ಪ್ರಮಾಣಗಳು ಹೀಗಿವೆ.

- 50:1 ಪ್ರಮಾಣ: 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಎಣ್ಣೆ, 5 ಲೀಟರಿಗೆ 100 ಮಿ.ಲೀ.
- 25:1 ಪ್ರಮಾಣ: 1 ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ, 5 ಲೀಟರಿಗೆ 200 ಮಿ.ಲೀ.

4 ಸ್ಟ್ರೋಕ್ ಎಂಜಿನ್‌ಗೆ ಶುದ್ಧ ಪೆಟ್ರೋಲನ್ನು ಹಾಕಿ, ಎಂಜಿನ್ ಎಣ್ಣೆಯನ್ನು ಅದಕ್ಕೆಂದೇ ಇರುವ ತೊಟ್ಟಿಯಲ್ಲಿ ಪ್ರತ್ಯೇಕವಾಗಿ ತುಂಬಬೇಕು. ಈ ವರ್ಗದ ಪರಿಚಿತ ಎಂಜಿನ್ ಆದ ಹೋಂಡಾ ಜಿಎಕ್ಸ್35ರ ಸಾಮರ್ಥ್ಯ 35.8 ಸಿ.ಸಿ. ಇದ್ದು, ಅದಕ್ಕೆ ಸುಮಾರು 100 ಮಿ.ಲೀ. ಎಣ್ಣೆ ಸಾಕಾಗುತ್ತದೆ. ಎಣ್ಣೆ ಅಷ್ಟು ಕಡಿಮೆ ಇರುವುದರಿಂದಲೇ ಪ್ರತಿದಿನ ಅದರ ಮಟ್ಟವನ್ನು ನೋಡುವುದು ಅಗತ್ಯ.

ಭಾರತದ ಬಂಕುಗಳಲ್ಲಿ ಈಗ ದೊರೆಯುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಅಂಶ ಒಂದು ಮಿತಿಯನ್ನು ಮೀರಿದಾಗ ಅದು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಹಳೆಯ ಯಂತ್ರಗಳ ರಬ್ಬರ್ ಕೊಳವೆ ಮತ್ತು ಪೊರೆಗಳನ್ನೂ ಅದು ಕೆಡಿಸಬಲ್ಲದು. ಆದ್ದರಿಂದ ಯಂತ್ರವು ಎಷ್ಟು ಎಥನಾಲ್ ತಾಳಬಲ್ಲದು ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಂಡು, ಒಂದು ತಿಂಗಳಲ್ಲಿ ಮುಗಿಯುವಷ್ಟು ಮಿಶ್ರಣವನ್ನು ಮಾತ್ರ ಸಿದ್ಧಪಡಿಸುವುದು ಉತ್ತಮ.

ಪೆಟ್ರೋಲನ್ನು ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುವುದು ಅಪಾಯಕಾರಿ. ಹೊಲದಲ್ಲಿ ಬಾಯಾರಿದವರು, ವಿಶೇಷವಾಗಿ ಮಕ್ಕಳು, ನೀರೆಂದು ತಿಳಿದು ಕುಡಿಯುವ ಸಂಭವವಿದೆ. ಇಂಧನಕ್ಕೆಂದೇ ತಯಾರಾದ, ಬಿಗಿ ಮುಚ್ಚಳದ ಡಬ್ಬಿಯ ಮೇಲೆ ಮಿಶ್ರಣದ ಪ್ರಮಾಣ ಮತ್ತು ದಿನಾಂಕವನ್ನು ಬರೆದು ನೆರಳಿನಲ್ಲಿ ಇಡಬೇಕು.

## ಚಾಲನೆಗೆ ಮುನ್ನ

1. ದಪ್ಪ ಬಟ್ಟೆಯ ಪ್ಯಾಂಟು, ತುಂಬುತೋಳಿನ ಅಂಗಿ, ಬೂಟು, ಕೈಗವಸು, ಕಣ್ಣಿನ ರಕ್ಷಾಕವಚ ಮತ್ತು ಕಿವಿಯ ರಕ್ಷಕಗಳನ್ನು ಧರಿಸಬೇಕು. ಧೋತರ, ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್ಲು ಸುತ್ತುವ ಭಾಗಕ್ಕೆ ಸಿಲುಕುವ ಸಾಧ್ಯತೆ ಇರುವುದರಿಂದ ಅವುಗಳನ್ನು ತೊಟ್ಟು ಯಂತ್ರ ನಡೆಸಬಾರದು.
2. ಕತ್ತರಿಸಬೇಕಾದ ಜಾಗದಲ್ಲಿ ನಡೆದಾಡಿ ಕಲ್ಲು, ತಂತಿಯ ತುಂಡು, ಗಾಜು, ಮುರಿದ ಪೈಪುಗಳನ್ನು ತೆಗೆಯಬೇಕು. ದ್ರಾಕ್ಷಿ ಚಪ್ಪರದಿಂದ ಉದುರಿದ ಕಬ್ಬಿಣದ ತಂತಿಯ ತುಣುಕುಗಳ ಬಗ್ಗೆ ವಿಶೇಷ ಎಚ್ಚರ ಬೇಕು.
3. ರಕ್ಷಾಫಲಕ, ಹಿಡಿಕೆ ಮತ್ತು ಕತ್ತರಿಸುವ ತಲೆಯ ತಿರುಪುಗಳು ಬಿಗಿಯಾಗಿವೆಯೇ ಎಂದು ಪರೀಕ್ಷಿಸಬೇಕು. ರಕ್ಷಾಫಲಕವಿಲ್ಲದೆ ಯಂತ್ರವನ್ನು ಚಾಲನೆಗೊಳಿಸಬಾರದು.
4. ಎಂಜಿನ್ ತಣ್ಣಗಿರುವಾಗಲೇ ಇಂಧನ ತುಂಬಬೇಕು. ಚೆಲ್ಲಿದ ಪೆಟ್ರೋಲನ್ನು ಒರೆಸಿ, ತುಂಬಿದ ಸ್ಥಳದಿಂದ ಕನಿಷ್ಠ 3 ಮೀಟರ್ ದೂರ ಹೋಗಿ ಚಾಲನೆಗೊಳಿಸಬೇಕು. ಹತ್ತಿರದಲ್ಲಿ ಬೀಡಿ, ಸಿಗರೇಟು ಸೇದುವಂತಿಲ್ಲ.
5. ಬಳಿಯಲ್ಲಿರುವ ಜನರನ್ನೂ ದನಕರುಗಳನ್ನೂ ಕನಿಷ್ಠ 15 ಮೀಟರ್ ದೂರ ಕಳುಹಿಸಬೇಕು.

## ಪೆಟ್ರೋಲ್ ಯಂತ್ರದ ಚಾಲನೆ

### ತಣ್ಣನೆಯ ಎಂಜಿನ್

1. ಯಂತ್ರವನ್ನು ಸಮತಟ್ಟಾದ, ಬರಿ ನೆಲದ ಮೇಲೆ ಮಲಗಿಸಬೇಕು. ಕತ್ತರಿಸುವ ತಲೆ ನೆಲಕ್ಕಾಗಲಿ ಹುಲ್ಲಿಗಾಗಲಿ ತಾಗಬಾರದು.
2. ಸ್ವಿಚ್ಚನ್ನು ಚಾಲನೆಯ ಸ್ಥಾನಕ್ಕೆ ತರಬೇಕು.
3. ಪ್ರೈಮರ್ ಬುರುಡೆಯನ್ನು ಅದರಲ್ಲಿ ಪೆಟ್ರೋಲ್ ಕಾಣುವವರೆಗೆ, ಸಾಮಾನ್ಯವಾಗಿ 5ರಿಂದ 10 ಬಾರಿ, ನಿಧಾನವಾಗಿ ಒತ್ತಬೇಕು.
4. ಚೋಕ್ ಮುಚ್ಚಬೇಕು. ಯಂತ್ರದಲ್ಲಿ ಚಾಲನೆಗೆಂದೇ ಇರುವ ಥ್ರಾಟಲ್ ಬೀಗವಿದ್ದರೆ ಅದನ್ನು ಹಾಕಬೇಕು.
5. ಎಡಗೈಯಿಂದ ಎಂಜಿನ್‌ನ ಮೈಯನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಕೊಳವೆಯ ಮೇಲೆ ಕಾಲಿಡುವುದರಿಂದ ಅಥವಾ ಮೊಣಕಾಲೂರುವುದರಿಂದ ಕೊಳವೆ ಬಾಗಿ ಒಳಗಿನ ದಂಡ ಹಾಳಾಗುತ್ತದೆ.
6. ಬಲಗೈಯಿಂದ ಹಗ್ಗವನ್ನು ಬಿಗಿತ ಸಿಗುವವರೆಗೆ ನಿಧಾನವಾಗಿ ಎಳೆದು, ಅಲ್ಲಿಂದ ಒಮ್ಮೆಲೇ ಚುರುಕಾಗಿ ಎಳೆಯಬೇಕು. ಹಗ್ಗವನ್ನು ಕೊನೆಯವರೆಗೆ ಜಗ್ಗಬಾರದು. ಹಿಡಿಯನ್ನು ಕೈಬಿಡದೆ, ಹಗ್ಗ ಒಳಗೆ ಸುತ್ತಿಕೊಳ್ಳುವಂತೆ ಮರಳಿಸಬೇಕು.
7. ಎಂಜಿನ್ ಒಮ್ಮೆ ಸಿಡಿದಂತೆ ಸದ್ದು ಮಾಡಿ ನಿಲ್ಲುವುದು ಸಹಜ. ಈ ಮೊದಲ ಸದ್ದು ಕೇಳಿದ ಕೂಡಲೇ ಚೋಕ್ ತೆರೆಯಬೇಕು, ಅಥವಾ ಕೈಪಿಡಿ ಸೂಚಿಸಿದಂತೆ ಅರ್ಧ ಸ್ಥಾನಕ್ಕೆ ತರಬೇಕು. ನಂತರ ಮತ್ತೆ ಹಗ್ಗ ಎಳೆಯಬೇಕು.
8. ಎಂಜಿನ್ ಚಾಲೂ ಆದ ಮೇಲೆ ಥ್ರಾಟಲ್ಲನ್ನು ಒಮ್ಮೆ ಒತ್ತಿ ಬಿಟ್ಟರೆ ಬೀಗ ಕಳಚಿ ಎಂಜಿನ್ ಮಂದಗತಿಗೆ ಬರುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಿಸಿದ ನಂತರ ಕೆಲಸ ಆರಂಭಿಸಬೇಕು.

ಥ್ರಾಟಲ್ ಬೀಗ ಹಾಕಿ ಚಾಲನೆಗೊಳಿಸಿದಾಗ ಎಂಜಿನ್ ಹತ್ತಿದ ತಕ್ಷಣವೇ ಕತ್ತರಿಸುವ ತಲೆ ಸುತ್ತಲಾರಂಭಿಸುತ್ತದೆ. ತಲೆಯನ್ನು ನೆಲಕ್ಕೆ ತಾಗದಂತೆ ಇಡಬೇಕೆಂಬ ಸೂಚನೆ ಇದಕ್ಕಾಗಿಯೇ ಇದೆ. ಯಂತ್ರವನ್ನು ಹೆಗಲಿಗೆ ತೂಗುಹಾಕಿಕೊಂಡು ಅಥವಾ ಕೈಯಲ್ಲಿ ತೂಗಾಡಿಸುತ್ತಾ ಹಗ್ಗ ಎಳೆಯುವುದು ಅಪಾಯಕಾರಿ ಅಭ್ಯಾಸ.

### ಬಿಸಿ ಎಂಜಿನ್

ಕೆಲಸದ ನಡುವೆ ನಿಲ್ಲಿಸಿದ ಎಂಜಿನ್ನನ್ನು ಮರಳಿ ಚಾಲನೆಗೊಳಿಸಲು ಚೋಕ್ ಬೇಕಿಲ್ಲ. ಚೋಕ್ ತೆರೆದಿಟ್ಟು ಹಗ್ಗವನ್ನು ಎಳೆದರೆ ಸಾಕು. ವಿಜಯಪುರ ಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದರಿಂದ, ಬಿಸಿಲಿನಲ್ಲಿಟ್ಟ ಯಂತ್ರದ ಕೊಳವೆಯೊಳಗೆ ಪೆಟ್ರೋಲ್ ಆವಿಯಾಗಿ ಹರಿವು ತಡೆಯಬಹುದು. ಆಗ ಯಂತ್ರವನ್ನು ನೆರಳಿಗೆ ಒಯ್ದು, ತಣ್ಣಗಾದ ಬಳಿಕ ಪ್ರೈಮರನ್ನು ಕೆಲವು ಬಾರಿ ಒತ್ತಿ ಚಾಲನೆಗೊಳಿಸಬೇಕು.

### ಪೆಟ್ರೋಲ್ ತುಂಬಿಕೊಂಡ ಎಂಜಿನ್

ಮೊದಲ ಸದ್ದನ್ನು ಗಮನಿಸದೆ ಚೋಕ್ ಮುಚ್ಚಿಟ್ಟೇ ಹಗ್ಗ ಎಳೆಯುತ್ತಾ ಹೋದರೆ ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿ ಸ್ಪಾರ್ಕ್ ಪ್ಲಗ್ ಒದ್ದೆಯಾಗುತ್ತದೆ. ಯಂತ್ರ ಚಾಲೂ ಆಗದಿರಲು ಇದು ಸಾಮಾನ್ಯ ಕಾರಣ. ಪರಿಹಾರವಾಗಿ ಸ್ವಿಚ್ ಆರಿಸಿ, ಪ್ಲಗ್ ಬಿಚ್ಚಿ ಒಣಬಟ್ಟೆಯಿಂದ ಒರೆಸಬೇಕು. ಚೋಕ್ ತೆರೆದು, ಪ್ಲಗ್ ಇಲ್ಲದೆ ಹಗ್ಗವನ್ನು ಹಲವು ಬಾರಿ ಎಳೆದು ಒಳಗಿನ ಪೆಟ್ರೋಲನ್ನು ಹೊರಹಾಕಬೇಕು. ಆ ಸಮಯದಲ್ಲಿ ಪ್ಲಗ್ ರಂಧ್ರದ ಎದುರು ಮುಖವಿಡಬಾರದು ಮತ್ತು ಸಮೀಪದಲ್ಲಿ ಬೆಂಕಿಯಾಗಲಿ ಕಿಡಿಯಾಗಲಿ ಇರಬಾರದು. ಬಳಿಕ ಪ್ಲಗ್ ಜೋಡಿಸಿ ಚೋಕ್ ಇಲ್ಲದೆ ಚಾಲನೆಗೊಳಿಸಬೇಕು.

## ವಿದ್ಯುತ್ ಯಂತ್ರದ ಚಾಲನೆ

### ತಂತಿಯ ಯಂತ್ರ

ಇವು ಭಾರತದ ಮನೆಗಳಿಗೆ ಪೂರೈಕೆಯಾಗುವ 230 ವೋಲ್ಟ್, ಒಂದು ಫೇಸ್ ವಿದ್ಯುತ್ತಿನಿಂದ ನಡೆಯುತ್ತವೆ. ಹೊರಾಂಗಣ ಬಳಕೆಗೆ ತಕ್ಕ, ಸಾಕಷ್ಟು ದಪ್ಪದ ವಿಸ್ತರಣಾ ತಂತಿಯನ್ನು ಪೂರ್ತಿ ಬಿಚ್ಚಿ ಬಳಸಬೇಕು. ಸುರುಳಿಯಲ್ಲಿಯೇ ಉಳಿದ ತಂತಿ ಬಿಸಿಯಾಗುತ್ತದೆ. ಸಂಪರ್ಕವು 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ರಕ್ಷಕ ಸಾಧನದ ಮೂಲಕ ಇರಬೇಕು. ತಂತಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎರಡೂ ಕೈಗಳಿಂದ ಯಂತ್ರ ಹಿಡಿದ ಮೇಲೆಯೇ ಗುಂಡಿ ಒತ್ತಬೇಕು.

ಹೊಲದಲ್ಲಿ ಪಂಪ್‌ಸೆಟ್‌ನ ಸ್ಟಾರ್ಟರ್ ಪೆಟ್ಟಿಗೆಗೆ ಬರಿ ತಂತಿ ಸಿಕ್ಕಿಸಿ ವಿದ್ಯುತ್ ಪಡೆಯುವುದು ಜೀವಕ್ಕೆ ಅಪಾಯ ತರುತ್ತದೆ. ಮೂರು ಫೇಸ್ ಸಂಪರ್ಕದ ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುವುದರಿಂದ ಯಂತ್ರವೂ ಸುಟ್ಟುಹೋಗುತ್ತದೆ. ಹನಿ ನೀರಾವರಿಯಿಂದ ನೆಲ ತೇವವಾಗಿರುವ ತೋಟಕ್ಕೆ ತಂತಿಯ ಯಂತ್ರ ಸೂಕ್ತವಲ್ಲ. ಅದು ಮನೆಯಂಗಳದ ಒಣನೆಲಕ್ಕೆ ಸರಿ.

### ಬ್ಯಾಟರಿ ಯಂತ್ರ

ಲಿಥಿಯಂ ಅಯಾನ್ ಬ್ಯಾಟರಿಯನ್ನು ಕ್ಲಿಕ್ ಎಂಬ ಸದ್ದು ಬರುವವರೆಗೆ ಕೂರಿಸಿ, ಸುರಕ್ಷತಾ ಗುಂಡಿಯನ್ನು ಒತ್ತಿ ಹಿಡಿದು, ಬಳಿಕ ಮುಖ್ಯ ಗುಂಡಿಯನ್ನು ಒತ್ತಿದರೆ ಯಂತ್ರ ಚಾಲೂ ಆಗುತ್ತದೆ. ಎರಡು ಗುಂಡಿಗಳ ಈ ವ್ಯವಸ್ಥೆಯು ಆಕಸ್ಮಿಕ ಚಾಲನೆಯನ್ನು ತಡೆಯುತ್ತದೆ. ಪೆಟ್ರೋಲ್ ಯಂತ್ರದಂತೆ ಇಲ್ಲಿ ಎಂಜಿನ್ ಸದ್ದಿನ ಮುನ್ಸೂಚನೆ ಇರುವುದಿಲ್ಲ. ಬ್ಯಾಟರಿ ಕೂಡಿಸಿದ ಕ್ಷಣದಿಂದಲೇ ಯಂತ್ರ ಸಿದ್ಧವಾಗಿದೆ ಎಂದು ತಿಳಿಯಬೇಕು. ದಾರ ಬದಲಿಸುವಾಗ, ಸಿಲುಕಿದ ಹುಲ್ಲು ತೆಗೆಯುವಾಗ ಬ್ಯಾಟರಿಯನ್ನು ಹೊರತೆಗೆಯಬೇಕು. ಬಿಸಿಯಾದ ಬ್ಯಾಟರಿಯನ್ನು ಹಲವು ಚಾರ್ಜರ್‌ಗಳು ತಣ್ಣಗಾಗುವವರೆಗೆ ಚಾರ್ಜ್ ಮಾಡುವುದಿಲ್ಲ. ಇದು ದೋಷವಲ್ಲ, ರಕ್ಷಣಾ ಕ್ರಮ.

## ಯಂತ್ರ ಚಾಲೂ ಆಗದಿದ್ದಾಗ

ಬಿಚ್ಚುವ ಮೊದಲು ಸುಲಭ ಕಾರಣಗಳನ್ನು ಕ್ರಮವಾಗಿ ನೋಡಬೇಕು.

- ಸ್ವಿಚ್ ನಿಲುಗಡೆಯ ಸ್ಥಾನದಲ್ಲಿದೆಯೇ, ಟ್ಯಾಂಕಿನಲ್ಲಿ ಇಂಧನವಿದೆಯೇ, ಅದು ಹಳೆಯದೇ ಎಂದು ಪರೀಕ್ಷಿಸಬೇಕು.
- ಪ್ರೈಮರ್ ಒತ್ತಿದರೂ ಪೆಟ್ರೋಲ್ ಬಾರದಿದ್ದರೆ ಟ್ಯಾಂಕಿನೊಳಗಿನ ಸೋಸುಕ ಕಟ್ಟಿರಬಹುದು ಅಥವಾ ಕೊಳವೆ ಬಿರಿದಿರಬಹುದು.
- ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಬರುತ್ತಿಲ್ಲ. ಹಲವು ಬಾರಿ ಎಳೆದ ಮೇಲೂ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಕಪ್ಪು ಮಸಿ ಹಿಡಿದಿದ್ದರೆ ಸ್ವಚ್ಛಗೊಳಿಸಿ, ಅಂತರವನ್ನು ಕೈಪಿಡಿಯಂತೆ, ಸಾಮಾನ್ಯವಾಗಿ 0.5ರಿಂದ 0.7 ಮಿ.ಮೀ., ಹೊಂದಿಸಬೇಕು.
- ಚಾಲೂ ಆಗಿ ವೇಗ ಏರಿಸಿದಾಗ ನಿಂತರೆ ಗಾಳಿಯ ಸೋಸುಕವನ್ನು ನೋಡಬೇಕು. ಎರೆಭೂಮಿಯ ನುಣುಪು ದೂಳು ಬೇಸಿಗೆಯಲ್ಲಿ ಅದನ್ನು ಬೇಗ ಮುಚ್ಚುತ್ತದೆ.
- ಮಂದಗತಿಯಲ್ಲಿಯೂ ತಲೆ ಸುತ್ತುತ್ತಿದ್ದರೆ ವೇಗದ ತಿರುಪನ್ನು ಸರಿಪಡಿಸುವವರೆಗೆ ಅಥವಾ ಕ್ಲಚ್ ದುರಸ್ತಿಯಾಗುವವರೆಗೆ ಯಂತ್ರವನ್ನು ಬಳಸಬಾರದು.

## ಬೆಳೆ, ಜಾನುವಾರು ಮತ್ತು ಆರೋಗ್ಯ

ಸುತ್ತುವ ದಾರವು ಎಳೆಯ ಗಿಡಗಳ ತೊಗಟೆಯನ್ನು ಸುಲಿಯಬಲ್ಲದು. ಕಾಂಡದ ಸುತ್ತಲೂ ತೊಗಟೆ ಹೋದರೆ ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಬಳ್ಳಿ ಸಾಯುತ್ತದೆ. ಹನಿ ನೀರಾವರಿಯ ಸಣ್ಣ ಪೈಪುಗಳನ್ನೂ ದಾರ ಕತ್ತರಿಸುತ್ತದೆ. ಆದ್ದರಿಂದ ಬಳ್ಳಿಯ ಬುಡದಲ್ಲಿ ಒಂದು ಗೇಣಿನಷ್ಟು ಜಾಗವನ್ನು ಕುರ್ಪಿಗೆ ಬಿಟ್ಟು, ಸಾಲಿನ ನಡುವೆ ಮಾತ್ರ ಯಂತ್ರ ಬಳಸುವುದು ಲೇಸು.

ದಾರವು ಸವೆಯುತ್ತಾ ಅದರ ನೈಲಾನ್ ತುಣುಕುಗಳು ಹುಲ್ಲಿನಲ್ಲಿ ಬೆರೆಯುತ್ತವೆ. ಮೇವಿಗಾಗಿ ಬದುವಿನ ಹುಲ್ಲನ್ನು ಕೊಯ್ಯುವುದಾದರೆ ಕುಡಗೋಲು ಅಥವಾ ಲೋಹದ ಅಲಗನ್ನು ಬಳಸಬೇಕು. ಲೋಹದ ಅಲಗು ಕಲ್ಲಿಗೆ ಅಥವಾ ದಪ್ಪ ಕಾಂಡಕ್ಕೆ ತಾಗಿದಾಗ ಯಂತ್ರ ಹಠಾತ್ತನೆ ಪಕ್ಕಕ್ಕೆ ಒದೆಯುವುದರಿಂದ ಹೆಗಲಪಟ್ಟಿ ಕಡ್ಡಾಯ.

ಪಾರ್ಥೇನಿಯಂ ಚರ್ಮದ ಅಲರ್ಜಿ ಮತ್ತು ಉಸಿರಾಟದ ತೊಂದರೆಗಳನ್ನು ಉಂಟುಮಾಡುವ ಕಳೆ. ದಾರದ ಹೊಡೆತಕ್ಕೆ ಅದರ ರಸ ಮತ್ತು ಪುಡಿ ಮೈಮೇಲೆ ಸಿಡಿಯುತ್ತವೆ. ಹೂ ಬಿಡುವ ಮುನ್ನವೇ ಅದನ್ನು ಕತ್ತರಿಸುವುದು, ಮೂಗು ಬಾಯಿಗಳನ್ನು ಮುಚ್ಚಿಕೊಳ್ಳುವುದು ಮತ್ತು ಕೆಲಸದ ನಂತರ ಮೈ, ಬಟ್ಟೆಗಳನ್ನು ತೊಳೆಯುವುದು ಅವಶ್ಯ. ಕತ್ತರಿಸಿದ ಬುಡದಿಂದ ಅದು ಮತ್ತೆ ಚಿಗುರುವುದರಿಂದ ಒಂದೇ ಕೊಯ್ಲಿನಿಂದ ನಾಶವಾಗುವುದಿಲ್ಲ.

ಯಂತ್ರದ ಕಂಪನವು ದೀರ್ಘಕಾಲದಲ್ಲಿ ಬೆರಳುಗಳ ರಕ್ತಸಂಚಾರಕ್ಕೂ ನರಗಳಿಗೂ ಹಾನಿ ಮಾಡಬಹುದು. ನಡುನಡುವೆ ವಿಶ್ರಾಂತಿ ಪಡೆಯಬೇಕು. ಬೆರಳು ಜೋಮು ಹಿಡಿಯುವುದು ಪದೇ ಪದೇ ಕಂಡುಬಂದರೆ ವೈದ್ಯರನ್ನು ಕಾಣಬೇಕು.

## ನಿಲ್ಲಿಸುವುದು ಮತ್ತು ಸಂಗ್ರಹ

ಕೆಲಸ ಮುಗಿದಾಗ ಥ್ರಾಟಲ್ ಬಿಟ್ಟು, ಸ್ವಲ್ಪ ಹೊತ್ತು ಮಂದಗತಿಯಲ್ಲಿ ನಡೆಸಿ ಸ್ವಿಚ್ ಆರಿಸಬೇಕು. ಎಂಜಿನ್ ನಿಂತ ನಂತರವೂ ತಲೆ ಕೆಲಕ್ಷಣ ಸುತ್ತುತ್ತದೆ. ಬಿಸಿ ಸೈಲೆನ್ಸರ್ ಒಣಹುಲ್ಲಿಗೆ ಬೆಂಕಿ ಹಚ್ಚಬಲ್ಲದು. ಆದ್ದರಿಂದ ಯಂತ್ರವನ್ನು ಬಣವೆ, ಒಣಗಿದ ಕಸ ಅಥವಾ ಒಣದ್ರಾಕ್ಷಿ ಶೆಡ್ಡಿನ ಪರದೆಗಳ ಬಳಿ ಇಡದೆ ಬರಿ ನೆಲದ ಮೇಲೆ ತಣಿಯಲು ಬಿಡಬೇಕು.

ಒಂದು ತಿಂಗಳಿಗಿಂತ ಹೆಚ್ಚು ಕಾಲ ಬಳಸದೆ ಇಡುವುದಾದರೆ ಟ್ಯಾಂಕನ್ನು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬ್ಯುರೇಟರ್‌ನಲ್ಲಿ ಉಳಿದ ಇಂಧನವನ್ನು ಮುಗಿಸಬೇಕು. ಉಳಿದ ಪೆಟ್ರೋಲ್ ಆರಿ ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುವುದೇ ಮುಂದಿನ ಹಂಗಾಮಿನಲ್ಲಿ ಯಂತ್ರ ಚಾಲೂ ಆಗದಿರಲು ಮುಖ್ಯ ಕಾರಣ. ಬ್ಯಾಟರಿಯನ್ನು ಯಂತ್ರದಿಂದ ಬೇರ್ಪಡಿಸಿ, ಅರ್ಧದಷ್ಟು ಚಾರ್ಜ್ ಇರುವಂತೆ, ತಂಪಾದ ಒಣಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.